‘ರನ್’ ಪದಕ್ಕೆ 645 ಅರ್ಥವಂತೆ, ಎಲ್ಲವನ್ನೂ ಕಲಿಯಬೇಕಾ?

ಪ್ರಶ್ನೆ: ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಇದ್ದೇನೆ. ಮೊನ್ನೆ ಮ್ಯಾನೇಜರ್ ಒಂದು ಮೇಲ್ ಕಳಿಸಿದರು: ‘ಪ್ಲೀಸ್ ರನ್ ದಿ ಪೇಮೆಂಟ್ ಲಿಸ್ಟ್ ಬೈ ಲೀಗಲ್ ಟುಡೇ. ವಿ ಆರ್ ರನ್ನಿಂಗ್ ಔಟ್ ಆಫ್ ಟೈಮ್.’ ನಾವು ದಿನಾ ‘ಪೇರೋಲ್ ರನ್ ಮಾಡು’, ‘ರಿಪೋರ್ಟ್ ರನ್ ಮಾಡು’ ಅನ್ನುತ್ತಲೇ ಇರುತ್ತೇವೆ. ಹಾಗಾಗಿ ಲಿಸ್ಟನ್ನು ಸಿಸ್ಟಮ್‌ನಲ್ಲಿ ರನ್ ಮಾಡಿಬಿಟ್ಟೆ. ಅವರು ಹೇಳಿದ್ದು ಲೀಗಲ್ ವಿಭಾಗದವರಿಗೆ ಮೊದಲು ತೋರಿಸು ಅಂತ. ಪುಣ್ಯಕ್ಕೆ ಬ್ಯಾಂಕಿಗೆ ಹೋಗುವ ಮುಂಚೆ ತಡೆದರು. ಆಮೇಲೆ ಹುಡುಕಿದರೆ ‘ರನ್’ಗೆ 645 ಅರ್ಥ ಇದೆ ಅಂತ ಎಲ್ಲೋ ಓದಿದೆ. ಒಂದು ನೋಟ್‌ಬುಕ್ ತಗೊಂಡು ಬರೆಯಲು ಶುರುಮಾಡಿದೆ. ಎರಡು ಪುಟ ಆಗುವಷ್ಟರಲ್ಲಿ ಕೈಬಿಟ್ಟೆ. 645 ಅನ್ನೋದು ನಿಜಾನಾ? ಕನ್ನಡದಲ್ಲಿ ಒಂದು ಪದಕ್ಕೆ ಒಂದೋ ಎರಡೋ ಅರ್ಥ, ಇಂಗ್ಲಿಷ್ ಯಾಕೆ ಹೀಗೆ? ಪಟ್ಟಿ ಬಾಯಿಪಾಠ ಮಾಡೋದಾ, ಅನುವಾದದ ಆ್ಯಪ್ ನಂಬೋದಾ, ಇಲ್ಲಾ ಆ ಪದದ ಸಹವಾಸವೇ ಬೇಡ ಅಂತ ಬಿಡೋದಾ?

ಉತ್ತರ: ನಿಮ್ಮ ನಿಜವಾದ ಭಯ ಅರ್ಥಗಳ ಸಂಖ್ಯೆಯದ್ದಲ್ಲ ಅನ್ನಿಸುತ್ತದೆ. ಗೊತ್ತಿರುವ ಪದವೇ ಕೈಕೊಟ್ಟಿತಲ್ಲ, ಇನ್ನು ಯಾವುದನ್ನು ನಂಬೋದು ಅನ್ನೋದು ನಿಮ್ಮ ಚಿಂತೆ. ಗೊತ್ತಿಲ್ಲದ ಪದ ಬಂದರೆ ನಾವು ನಿಂತು ಹುಡುಕುತ್ತೇವೆ. ‘ರನ್’ ಬಂದರೆ ಯಾರೂ ನಿಲ್ಲುವುದಿಲ್ಲ. ದೊಡ್ಡವರಿಗೆ ಇಂಗ್ಲಿಷ್ ಕಲಿಸುವುದು, ಅನುವಾದ ತಿದ್ದುವುದು ನನ್ನ ಕೆಲಸ. ಅದರಲ್ಲಿ ಕಣ್ಣಿಗೆ ಬೀಳುವ ದೊಡ್ಡ ತಪ್ಪುಗಳು ಬರುವುದು ಕಷ್ಟದ ಪದಗಳಿಂದ ಅಲ್ಲ. ‘ರನ್’, ‘ಸೆಟ್’, ‘ಗೆಟ್’, ‘ಟೇಕ್’ ತರಹದ ಪುಟ್ಟ ಪದಗಳಿಂದಲೇ ಜಾಸ್ತಿ.

ಮೊದಲು ಆ 645ರ ವಿಷಯ. ಸಂಖ್ಯೆ ನಿಜ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯವರು 2011ರಲ್ಲಿ ‘ರನ್’ ಕ್ರಿಯಾಪದವನ್ನು ಹೊಸದಾಗಿ ಪರಿಷ್ಕರಿಸಿದಾಗ ಬಂದ ಲೆಕ್ಕ ಅದು. ಪೀಟರ್ ಗಿಲಿವರ್ ಅನ್ನುವ ಸಂಪಾದಕರು ಆ ಒಂದು ಪದದ ಮೇಲೆ ಸುಮಾರು ಒಂಬತ್ತು ತಿಂಗಳು ಕೂತಿದ್ದರು. ಅದಕ್ಕೂ ಮುಂಚೆ, 1989ರ ಎರಡನೇ ಆವೃತ್ತಿಯಲ್ಲಿ, ಅತಿ ಉದ್ದದ ನಮೂದು ‘ಸೆಟ್’ ಪದದ್ದು. ಬರೀ ಕ್ರಿಯಾಪದಕ್ಕೇ ಸುಮಾರು 430 ಅರ್ಥ. ಹಳೆ ಕ್ವಿಜ್ ಪುಸ್ತಕಗಳಲ್ಲಿ ಇವತ್ತಿಗೂ ‘ಸೆಟ್’ ಅಂತಲೇ ಉತ್ತರ ಇರುತ್ತದೆ. ಮೂರನೇ ಆವೃತ್ತಿಯ ಪರಿಷ್ಕರಣೆ ಎಮ್ ಅಕ್ಷರದಿಂದ ಶುರುವಾಯಿತು. 2000ದಲ್ಲಿ ‘ಮೇಕ್’ ಮುಂದೆ ಹೋಯಿತು, 2007ರಲ್ಲಿ ‘ಪುಟ್’, ಆಮೇಲೆ ‘ರನ್’. ಗಮನಿಸಿದಿರಾ? ಯಾವ ಪದದ ಕೆಲಸ ಹೊಸದಾಗಿ ಮುಗಿಯಿತೋ ಅದು ಮೇಲೆ ಬಂತು. ಅಂದಮೇಲೆ ‘ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥ ಇರುವ ಪದ’ ಅನ್ನೋ ಪಟ್ಟಕ್ಕೆ ಜಾಸ್ತಿ ಬೆಲೆ ಕೊಡಬೇಕಾಗಿಲ್ಲ.

ಇನ್ನೊಂದು ವಿಷಯ. ಆ ನಿಘಂಟು ಚರಿತ್ರೆಯ ನಿಘಂಟು. ಒಂದು ಪದ ಯಾವ ಕಾಲದಲ್ಲಿ ಯಾವ ಅರ್ಥದಲ್ಲಿ ಬಳಕೆಯಾಯಿತೋ ಎಲ್ಲವನ್ನೂ ಉಳಿಸಿಕೊಳ್ಳುತ್ತದೆ. ಯಾರೂ ಬಳಸದೆ ಎಷ್ಟೋ ಶತಮಾನ ಕಳೆದ ಅರ್ಥಗಳು ಅದರಲ್ಲಿವೆ. ಹಡಗಿನವರ, ಗಣಿಯವರ, ಬೇಟೆಯವರ ಅರ್ಥಗಳಿವೆ. ‘ರನ್ ಔಟ್’, ‘ರನ್ ಅಪ್’, ‘ರನ್ ಓವರ್’ನಂಥ ಜೋಡಿಪದಗಳ ಅರ್ಥಗಳೂ ಅದೇ ಲೆಕ್ಕಕ್ಕೆ ಸೇರುತ್ತವೆ. ಎಷ್ಟು ಸಣ್ಣದಾಗಿ ಕತ್ತರಿಸಬೇಕು ಅನ್ನುವುದು ಕೂಡ ಸಂಪಾದಕರ ತೀರ್ಮಾನವೇ. ಕಂಪ್ಯೂಟರ್ ಸಂಶೋಧನೆಯಲ್ಲಿ ಬಳಸುವ ವರ್ಡ್‌ನೆಟ್ ಅನ್ನುವ ಪದಕೋಶ ಅದೇ ಕ್ರಿಯಾಪದವನ್ನು ಸುಮಾರು 40 ಅರ್ಥಗಳಲ್ಲಿ ಮುಗಿಸುತ್ತದೆ. ಭಾಷೆ ಒಂದೇ, ಕತ್ತರಿ ಬೇರೆ. 645 ಅರ್ಥಗಳನ್ನೂ ತಲೆಯಲ್ಲಿಟ್ಟುಕೊಂಡಿರುವ ಇಂಗ್ಲಿಷ್ ಮಾತೃಭಾಷೆಯವರೂ ಸಿಗಲಾರರು.

ಕನ್ನಡದಲ್ಲಿ ಒಂದು ಪದಕ್ಕೆ ಒಂದೋ ಎರಡೋ ಅರ್ಥ ಅಂದಿರಲ್ಲ, ಅಲ್ಲಿ ನಾನು ಜಗಳಕ್ಕೆ ಬರುತ್ತೇನೆ. ‘ಹಾಕು’ ತಗೊಳ್ಳಿ. ಬಾಗಿಲು ಹಾಕು ಅಂದರೆ ಮುಚ್ಚಬೇಕು, ಲೈಟ್ ಹಾಕು ಅಂದರೆ ಹೊತ್ತಿಸಬೇಕು. ಅರ್ಜಿ ಹಾಕುತ್ತೇವೆ, ವೋಟು ಹಾಕುತ್ತೇವೆ, ಲೆಕ್ಕ ಹಾಕುತ್ತೇವೆ, ಕೇಸು ಹಾಕುತ್ತೇವೆ. ಕೋಳಿ ಮೊಟ್ಟೆ ಹಾಕುತ್ತದೆ, ಬೆಕ್ಕು ಹೊಂಚು ಹಾಕುತ್ತದೆ. ಬೇಸರವಾದರೆ ಕಣ್ಣೀರು ಹಾಕುತ್ತೇವೆ, ಕೆಲಸ ಬೇಡವಾದರೆ ಮುಂದಕ್ಕೆ ಹಾಕುತ್ತೇವೆ. ಮಾತು ಕೇಳದವರು ಸೊಪ್ಪು ಹಾಕುವುದಿಲ್ಲ. ನಾಮ ಹಾಕಿದವನು ಹಣೆಗೆ ಹಾಕಿಕೊಂಡಿರಬಹುದು, ನಮಗೆ ಹಾಕಿರಲೂಬಹುದು. ‘ತಿಂದು ಹಾಕಿದ’ ಅನ್ನುವಲ್ಲಿ ‘ಹಾಕು’ ಏನು ಮಾಡುತ್ತಿದೆ ಅಂತ ಕೇಳಿದರೆ ವ್ಯಾಕರಣ ಬಲ್ಲವರೂ ತಲೆ ಕೆರೆದುಕೊಳ್ಳುತ್ತಾರೆ.

ಇಷ್ಟನ್ನೂ ನೀವು ಪಟ್ಟಿ ಮಾಡಿ ಕಲಿತಿರಾ? ಇಲ್ಲ. ‘ಹಾಕು’ ಕಿವಿಗೆ ಬಿದ್ದಾಗ ನಿಮ್ಮ ಗಮನ ‘ಹಾಕು’ ಮೇಲೆ ಇರುವುದೇ ಇಲ್ಲ. ಅದರ ಹಿಂದಿನ ಪದದ ಮೇಲೆ ಇರುತ್ತದೆ. ಬಾಗಿಲು, ವೋಟು, ಮೊಟ್ಟೆ. ಅರ್ಥ ಅಲ್ಲೇ ತೀರ್ಮಾನವಾಗಿ ಹೋಗುತ್ತದೆ. ‘ರನ್’ಗೂ ಇದೇ ದಾರಿ. ಒಂದೇ ಕಷ್ಟ ಅಂದರೆ ಇಂಗ್ಲಿಷಿನಲ್ಲಿ ನೋಡಬೇಕಾದ ಪದ ಕ್ರಿಯಾಪದದ ಎರಡೂ ಕಡೆ ಇರುತ್ತದೆ. ಕನ್ನಡದ ಕಣ್ಣಿಗೆ ಮುಂದಿನದು ತಪ್ಪಿಹೋಗುತ್ತದೆ.

ಹಾಗಾದರೆ ಇಷ್ಟೊಂದು ಅರ್ಥ ಹುಟ್ಟಿದ್ದಾದರೂ ಹೇಗೆ?

ಒಂದು ಕಾರಣ ಬಳಕೆ. ಜಾಸ್ತಿ ಬಳಕೆಯ ಪದಕ್ಕೆ ಜಾಸ್ತಿ ಅರ್ಥ ಇರುತ್ತದೆ ಅನ್ನುವುದನ್ನು 1945ರಲ್ಲೇ ಜಾರ್ಜ್ ಜಿಪ್ಫ್ ಅನ್ನುವ ವಿದ್ವಾಂಸ ಲೆಕ್ಕ ಹಾಕಿ ತೋರಿಸಿದ್ದ. ಹೊಸ ಸಂಗತಿ ಬಂದಾಗ ಜನ ಹೊಸ ಪದ ಹುಟ್ಟಿಸುವುದು ಕಡಿಮೆ, ಬಾಯಲ್ಲಿ ಇರುವುದನ್ನೇ ಎಳೆದು ಹೊಂದಿಸುತ್ತಾರೆ. ಉಗಿಯಂತ್ರ ಬಂತು, ಅದು ‘ರನ್’ ಆಯಿತು. ರೈಲು, ಕಾರ್ಖಾನೆ, ವಾಚು, ಕೊನೆಗೆ ಸಾಫ್ಟ್‌ವೇರ್, ಎಲ್ಲವೂ ‘ರನ್’ ಆದವು. ನಾವೂ ಅದನ್ನೇ ಮಾಡಿದ್ದೇವೆ. ಫೋನ್ ಬಂದಾಗ ‘ಹಚ್ಚು’, ‘ಹಾಕು’, ‘ಮಾಡು’ ಅಂದೆವೇ ಹೊರತು ಹೊಸ ಕ್ರಿಯಾಪದ ಹುಡುಕಲಿಲ್ಲ.

ಎರಡನೇ ಕಾರಣ ನಮಗೆ ಮುಖ್ಯ. ಹಳೆ ಇಂಗ್ಲಿಷಿನಲ್ಲಿ ತಾನೇ ಓಡುವುದಕ್ಕೆ ಒಂದು ಕ್ರಿಯಾಪದ ಇತ್ತು, ಓಡಿಸುವುದಕ್ಕೆ ಅದರದ್ದೇ ಬಳಗದ ಇನ್ನೊಂದು ಇತ್ತು. ಸ್ಕ್ಯಾಂಡಿನೇವಿಯಾದವರ ಭಾಷೆಯ ಪ್ರಭಾವವೂ ಸೇರಿ ಕಾಲಕ್ರಮದಲ್ಲಿ ಎರಡೂ ಬೆರೆತು ‘ರನ್’ ಒಂದೇ ಉಳಿಯಿತು. ಮೊದಲನೆಯದರಲ್ಲಿ ಓಡು ಮಾತ್ರವಲ್ಲ, ಹರಿ ಅನ್ನುವ ಅರ್ಥವೂ ಇತ್ತು. ಜರ್ಮನ್ ಭಾಷೆಯಲ್ಲಿ ಇವತ್ತಿಗೂ ‘ರಿನ್ನೆನ್’ ಅಂದರೆ ಹರಿಯುವುದು, ‘ರೆನ್ನೆನ್’ ಅಂದರೆ ಓಡುವುದು. ಹಾಗಾಗಿ ‘ದಿ ಟ್ಯಾಪ್ ಈಸ್ ರನ್ನಿಂಗ್’ ಅನ್ನುವುದು ನಲ್ಲಿ ಓಡಿದಂತೆ ಕಾಣಿಸಿ ಹುಟ್ಟಿದ ಕವಿಕಲ್ಪನೆ ಅಲ್ಲ. ಹರಿಯುವ ಅರ್ಥವೂ ಓಡುವ ಅರ್ಥದಷ್ಟೇ ಹಳೆಯದು.

ಕನ್ನಡದಲ್ಲಿ ಓಡು ಬೇರೆ, ಓಡಿಸು ಬೇರೆ. ನಡೆ, ನಡೆಸು. ಹರಿ, ಹರಿಸು. ಒಂದು ‘ಇಸು’ ಸೇರಿದರೆ ಮಾಡುವವರು ಯಾರು, ಮಾಡಿಸುವವರು ಯಾರು ಅನ್ನುವುದು ಕ್ರಿಯಾಪದದಲ್ಲೇ ಗೊತ್ತಾಗುತ್ತದೆ. ಇಂಗ್ಲಿಷಿನ ‘ರನ್’ ಮುಖ ನೋಡಿದರೆ ಅದು ಗೊತ್ತಾಗುವುದಿಲ್ಲ. ‘ಶಿ ರನ್ಸ್’ ಅಂದರೆ ಆಕೆ ಓಡುತ್ತಾಳೆ. ‘ಶಿ ರನ್ಸ್ ಎ ಸ್ಕೂಲ್’ ಅಂದರೆ ಶಾಲೆ ನಡೆಸುತ್ತಾಳೆ. ‘ಶಿ ರನ್ಸ್ ಎ ಬಾತ್’ ಅಂದರೆ ಸ್ನಾನದ ತೊಟ್ಟಿಗೆ ನೀರು ಬಿಡುತ್ತಾಳೆ. ಪದ ಒಂಚೂರೂ ಬದಲಾಗಿಲ್ಲ. ಅದಾದಮೇಲೆ ಬಂದ ಕರ್ಮಪದ ಎಲ್ಲವನ್ನೂ ಬದಲಿಸಿತು.

ಆದ್ದರಿಂದ ‘ರನ್’ ಕಂಡಾಗ ನಾನು ಕಲಿಯುವವರಿಗೆ ಹೇಳುವ ಮೊದಲ ಮಾತು: ಅರ್ಥ ಹುಡುಕಬೇಡಿ, ಅದರ ಪಕ್ಕದಲ್ಲಿ ‘ಏನನ್ನು’ ಅನ್ನುವುದಕ್ಕೆ ಉತ್ತರ ಇದೆಯಾ ನೋಡಿ. ಉತ್ತರ ಇದ್ದರೆ ಕನ್ನಡದ ‘ಇಸು’ ಬಳಗದ ಕಡೆ ಹೋಗಿ: ನಡೆಸು, ಓಡಿಸು, ಹರಿಸು. ಪತ್ರಿಕೆ ಸುದ್ದಿಯನ್ನು ‘ರನ್’ ಮಾಡಿದರೆ ಪ್ರಕಟಿಸಿತು. ನೀವು ಪೇರೋಲ್ ‘ರನ್’ ಮಾಡುವುದೂ ಇದೇ ಕಡೆಯದು.

ಉತ್ತರ ಇಲ್ಲದಿದ್ದರೆ ಎಡಕ್ಕೆ ತಿರುಗಿ, ಯಾರು ಅಥವಾ ಏನು ‘ರನ್’ ಆಗುತ್ತಿದೆ ನೋಡಿ. ಕಾಲಿರುವುದಾದರೆ ಹೆಚ್ಚಾಗಿ ಓಟವೇ. ದ್ರವವಾದರೆ ಹರಿಯುವುದು ಅಥವಾ ಸೋರುವುದು. ಮೂಗು ‘ರನ್’ ಆದರೆ ನೆಗಡಿ, ಬಟ್ಟೆಯ ಬಣ್ಣ ‘ರನ್’ ಆದರೆ ಒಗೆಯುವಾಗ ಬಣ್ಣ ಬಿಟ್ಟು ಪಕ್ಕದ ಬಟ್ಟೆಗೆ ಹತ್ತಿದೆ. ಯಂತ್ರವಾದರೆ ಕೆಲಸ ಮಾಡುತ್ತಿದೆ. ರಸ್ತೆ, ಬೇಲಿ, ಗೋಡೆಯ ಬಿರುಕು ಇವು ‘ರನ್’ ಆದರೆ ಏನೂ ಅಲುಗಾಡುತ್ತಿಲ್ಲ, ಇಲ್ಲಿಂದ ಅಲ್ಲಿವರೆಗೆ ಹಬ್ಬಿದೆ ಅಂತ ಅಷ್ಟೇ. ನಾಟಕ, ಕರಾರು, ಲೀಸು ‘ರನ್’ ಆದರೆ ಇಷ್ಟು ಕಾಲ ನಡೆಯಿತು ಅಥವಾ ಜಾರಿಯಲ್ಲಿತ್ತು. ಕಾಯಿಲೆಯೋ ಸಿಡುಕುತನವೋ ‘ರನ್ಸ್ ಇನ್ ದಿ ಫ್ಯಾಮಿಲಿ’ ಆದರೆ ಅದು ವಂಶದಲ್ಲೇ ಬಂದದ್ದು. ‘ಫೈವ್ ಡೇಸ್ ರನ್ನಿಂಗ್’ ಅಂದರೆ ಐದು ದಿನ ಓಡಿದರು ಅಂತಲ್ಲ, ಸತತ ಐದು ದಿನ.

ಈ ಪಟ್ಟಿಯ ಅರ್ಧದಷ್ಟು ಕನ್ನಡದ ‘ಓಡು’ ಜೊತೆಗೂ ಹೊಂದುತ್ತದೆ. ಸಿನಿಮಾ ನೂರು ದಿನ ಓಡಿತು, ಗಡಿಯಾರ ಓಡುತ್ತಿದೆ, ನನ್ನ ತಲೆ ಓಡುತ್ತಿಲ್ಲ. ಹೀಗೆ ಅರ್ಧ ಹೊಂದುವುದೇ ಅಪಾಯ. ಪೂರ್ತಿ ಬೇರೆ ಆಗಿದ್ದರೆ ಎಚ್ಚರ ಇರುತ್ತಿತ್ತು.

ಇನ್ನೊಂದು ಗುಂಪನ್ನು ಪ್ರತ್ಯೇಕ ನೆನಪಿಡಿ. ‘ರನ್ ಲೋ’, ‘ರನ್ ಶಾರ್ಟ್’, ‘ರನ್ ಡ್ರೈ’, ‘ರನ್ ಲೇಟ್’. ಇಲ್ಲಿ ‘ರನ್’ ಆದಮೇಲೆ ಗುಣವಾಚಕವೋ ‘ಲೇಟ್’ನಂಥ ಪದವೋ ಬಂದಿದೆ. ಓಟಕ್ಕೂ ಇದಕ್ಕೂ ಸಂಬಂಧ ಹುಡುಕಲು ಹೋಗಬೇಡಿ. ಕನ್ನಡದ ‘ಆಗು’ ಇಟ್ಟುಕೊಂಡರೆ ಸಾಕು: ಕಡಿಮೆಯಾಗು, ಬತ್ತಿಹೋಗು, ತಡವಾಗು.

ಈಗ ನಿಮ್ಮ ಮ್ಯಾನೇಜರ್ ಮೇಲ್‌ಗೆ ಬರೋಣ. ‘ರನ್ ದಿ ಪೇಮೆಂಟ್ ಲಿಸ್ಟ್’ವರೆಗೆ ನೀವು ಓದಿದ್ದು ಪೂರ್ತಿ ಸರಿ. ಆ ನಾಲ್ಕು ಪದ ಮಾತ್ರ ಇದ್ದಿದ್ದರೆ ನೀವು ಮಾಡಿದ್ದೇ ಕೆಲಸ. ಸಮಸ್ಯೆ ಅಲ್ಲಿಂದ ಮುಂದಿನ ‘ಬೈ’. ‘ರನ್ ಸಮ್‌ಥಿಂಗ್ ಬೈ ಸಮ್‌ಒನ್’ ಅನ್ನುವುದು ಒಂದೇ ಗಂಟು. ಒಬ್ಬರ ಮುಂದೆ ಇಟ್ಟು ಅವರ ಅಭಿಪ್ರಾಯ ಕೇಳು ಅಂತ ಅದರರ್ಥ. ಗಂಟಿನ ಮಧ್ಯೆ ಮೂರು ಪದ ನುಗ್ಗಿದ್ದರಿಂದ ಅದು ಬಿಡಿಬಿಡಿಯಾಗಿ ಕಂಡಿತು. ಜೊತೆಗೆ ‘ಲೀಗಲ್’ ಅನ್ನುವುದು ಇಲ್ಲಿ ಗುಣವಾಚಕ ಅಲ್ಲ, ಒಂದು ವಿಭಾಗದ ಹೆಸರು. ‘ಬೈ’ ಆದಮೇಲೆ ವ್ಯಕ್ತಿಯೋ ವಿಭಾಗವೋ ಬಂದಿದೆಯಾ ಅಂತ ನೋಡಿದರೆ ಗಂಟು ಸಿಕ್ಕಿಬಿಡುತ್ತದೆ. ಇಲ್ಲೂ ಒಂದು ಹುಳುಕು ಇದೆ ಅನ್ನಿ. ‘ದಿ ಸ್ಕೂಲ್ ಈಸ್ ರನ್ ಬೈ ಎ ಟ್ರಸ್ಟ್’ ಅಂದರೆ ಶಾಲೆಯನ್ನು ಟ್ರಸ್ಟ್ ನಡೆಸುತ್ತಿದೆ, ಟ್ರಸ್ಟಿಗೆ ತೋರಿಸಿದ್ದಲ್ಲ. ‘ರನ್’ಗೂ ಮೊದಲು ‘ಈಸ್’ ಇರುವುದರಿಂದ ಕರ್ಮಣಿ ಪ್ರಯೋಗ ಅಂತ ಗೊತ್ತಾಗುತ್ತದೆ.

ಎರಡನೇ ವಾಕ್ಯ ‘ರನ್ನಿಂಗ್ ಔಟ್ ಆಫ್ ಟೈಮ್’ ನಿಮಗೆ ತೊಡಕಾಗಲಿಲ್ಲ, ಗಮನಿಸಿ. ಹೆಚ್ಚು ಸಲ ಕೇಳಿದ್ದೀರಿ, ಹಾಗಾಗಿ ಇಡಿಯಾಗಿ ಕಿವಿಗೆ ಹತ್ತಿದೆ. ಆದರೆ ‘ಹಿ ರಾನ್ ಔಟ್ ಆಫ್ ದಿ ಹೌಸ್’ ಅಂದರೆ ಮನೆಯಿಂದ ಹೊರಗೆ ಓಡಿದ. ‘ಹಿ ರಾನ್ ಔಟ್ ಆಫ್ ಮನಿ’ ಅಂದರೆ ದುಡ್ಡು ಖಾಲಿಯಾಯಿತು. ಹೊರಗೆ ಬರಲು ಸಾಧ್ಯವಿರುವ ಜಾಗ ಇದ್ದರೆ ಓಟ, ಮುಗಿದುಹೋಗುವ ವಸ್ತು ಇದ್ದರೆ ಖಾಲಿ. ‘ರನ್ ಓವರ್’ ಕೂಡ ಹೀಗೇ. ಮೀಟಿಂಗ್ ‘ರಾನ್ ಓವರ್’ ಆದರೆ ಹೊತ್ತು ಮೀರಿತು, ಬಸ್ಸು ನಾಯಿಯನ್ನು ‘ರಾನ್ ಓವರ್’ ಮಾಡಿದರೆ ಅದರ ಮೇಲೆ ಹರಿದುಹೋಯಿತು.

ಎಲ್ಲಾ ಪದಗಳನ್ನೂ ಹೀಗೆ ಒಂದೇ ಬೇರಿಗೆ ಕಟ್ಟಲು ಹೋಗಬೇಡಿ. ‘ಬ್ಯಾಟ್’ ಅಂದರೆ ಬಾವಲಿ, ಕ್ರಿಕೆಟ್ ಬ್ಯಾಟೂ ಹೌದು. ಅವೆರಡೂ ಬೇರೆ ಬೇರೆ ಮೂಲದವು, ಕೊನೆಗೆ ಒಂದೇ ರೂಪಕ್ಕೆ ಬಂದು ನಿಂತಿವೆ. ಕನ್ನಡದ ‘ಹತ್ತು’ ಇದ್ದ ಹಾಗೆ: ಸಂಖ್ಯೆ ಹತ್ತಕ್ಕೂ ಮರ ಹತ್ತುವುದಕ್ಕೂ ನಂಟಿಲ್ಲ. ಆದರೆ ಮರ ಹತ್ತು, ಬಸ್ಸು ಹತ್ತು, ಬೆಂಕಿ ಹತ್ತು, ನಿದ್ದೆ ಹತ್ತು, ಚಟ ಹತ್ತು ಇವೆಲ್ಲ ಒಂದೇ ಮನೆಯವು. ‘ರನ್’ ಈ ಎರಡನೇ ಜಾತಿಯದು.

ನೀವು ಕೇಳಿದ ದಾರಿಗಳ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ಪಟ್ಟಿ ಬಾಯಿಪಾಠ ಬೇಡ. ನೀವು ಕೈಬಿಟ್ಟಿದ್ದು ಸೋಮಾರಿತನದಿಂದ ಅಲ್ಲ, ಪಟ್ಟಿ ಕೆಲಸಕ್ಕೆ ಬಾರದ್ದು ಅಂತ ಮನಸ್ಸಿಗೆ ಹೊಳೆದಿದ್ದರಿಂದ. ಪಟ್ಟಿಯಲ್ಲಿ ಅರ್ಥ ಇರುತ್ತದೆ, ಸಂದರ್ಭ ಇರುವುದಿಲ್ಲ. ಮೇಲ್ ಓದುವಾಗ ಯಾವ ಸಾಲು ನೆನಪಿಸಿಕೊಳ್ಳಬೇಕು ಅನ್ನುವುದನ್ನೇ ಅದು ಹೇಳಿಕೊಡುವುದಿಲ್ಲ.

ಕೆಲವರು ಒಂದು ಮೂಲ ಚಿತ್ರ ಇಟ್ಟುಕೊಳ್ಳಿ ಅನ್ನುತ್ತಾರೆ: ‘ರನ್’ ಅಂದರೆ ತಡೆಯಿಲ್ಲದ ಚಲನೆ, ಉಳಿದದ್ದೆಲ್ಲ ಅದರಿಂದ ಬಂತು ಅಂತ. ಓದಿ ಅರ್ಥ ಮಾಡಿಕೊಳ್ಳುವಾಗ ಇದು ಚೆನ್ನಾಗಿ ಸಹಾಯ ಮಾಡುತ್ತದೆ, ನಾನೂ ಬಳಸುತ್ತೇನೆ. ಬರೆಯುವಾಗ ಮಾತ್ರ ನಂಬಬೇಡಿ. ‘ರನ್ ಎ ಫೀವರ್’ ಅನ್ನುತ್ತಾರೆ, ‘ರನ್ ಎ ಕಾಫ್’ ಅನ್ನುವುದಿಲ್ಲ. ‘ರನ್ ಎ ರಿಸ್ಕ್’ ಇದೆ, ‘ರನ್ ಎ ಡೇಂಜರ್’ ಇಲ್ಲ. ಜ್ವರ ಬರುವಂತೆ ಕೆಮ್ಮೂ ಬರುತ್ತದಲ್ಲ ಅಂತ ತರ್ಕ ಮಾಡಿ ಉಪಯೋಗವಿಲ್ಲ.

ನನಗೆ ಹಿಡಿಸಿದ ದಾರಿ ಇನ್ನೊಂದು. ನೋಟ್‌ಬುಕ್ಕಿನಲ್ಲಿ ಅರ್ಥ ಬರೆಯಬೇಡಿ, ಗಂಟು ಬರೆಯಿರಿ. ‘ರನ್ ಇಟ್ ಬೈ ಸಮ್‌ಒನ್’, ‘ರನ್ ಅಪ್ ಎ ಬಿಲ್’, ‘ರನ್ ಥ್ರೂ ದಿ ಲಿಸ್ಟ್’. ಪಕ್ಕದಲ್ಲಿ ನೀವು ನಿಜವಾಗಿ ನೋಡಿದ ವಾಕ್ಯ, ಅಷ್ಟೇ. ಇಂಟರ್‌ನೆಟ್ಟಿನಿಂದ ನೂರು ಗಂಟು ಇಳಿಸಿಕೊಂಡರೆ ಅದು ಮತ್ತೆ ಪಟ್ಟಿಯೇ ಆಗುತ್ತದೆ. ಈ ದಾರಿಯ ತೊಂದರೆ ಅಂದರೆ ನಿಧಾನ. ಕಣ್ಣಿಗೆ ಬೀಳದ ಗಂಟು ನಿಮಗೆ ಗೊತ್ತಿರುವುದೂ ಇಲ್ಲ. ಆದರೆ ಅಕೌಂಟ್ಸ್ ವಿಭಾಗದಲ್ಲಿ ತಿರುಗುವ ಗಂಟುಗಳು ಬಹಳ ಇಲ್ಲ, ಬೇಗ ಪರಿಚಯ ಆಗುತ್ತವೆ. ನಿಘಂಟು ಬೇಕೆಂದರೆ ಕಲಿಯುವವರಿಗಾಗಿ ಮಾಡಿದ್ದನ್ನು ತಗೊಳ್ಳಿ. 1987ರಲ್ಲಿ ಬಂದ ಕೋಬಿಲ್ಡ್ ನಿಘಂಟು ಇಡೀ ವಾಕ್ಯದಲ್ಲೇ ಅರ್ಥ ಹೇಳುವ ಪದ್ಧತಿ ತಂದಿತು. ಅಲ್ಲಿ ಪದ ತನ್ನ ಜೊತೆಗಾರರ ಸಮೇತ ಕಾಣಿಸುತ್ತದೆ.

ಪದದ ಸಹವಾಸ ಬಿಡುವುದು? ನೀವು ಬರೆಯುವಾಗ ಧಾರಾಳವಾಗಿ ಬಿಡಬಹುದು. ‘ಮ್ಯಾನೇಜ್’, ‘ಆಪರೇಟ್’, ‘ಕಂಟಿನ್ಯೂ’, ‘ಚೆಕ್ ವಿತ್’ ಇವೆಲ್ಲ ಕಡಿಮೆ ಅರ್ಥದ ಸುರಕ್ಷಿತ ಪದಗಳು. ಆಫೀಸಿನ ಮೇಲ್‌ಗೆ ಇವೇ ಒಳ್ಳೆಯದು. ಮಾತಿನಲ್ಲಿ ಸ್ವಲ್ಪ ಬಿಗಿ ಅನ್ನಿಸುತ್ತದೆ, ಎಲ್ಲಾ ಕಡೆ ನಡೆಯುವುದೂ ಇಲ್ಲ. ‘ಮೈ ನೋಸ್ ಈಸ್ ಫ್ಲೋಯಿಂಗ್’ ಅಂದರೆ ನಗುತ್ತಾರೆ. ಮತ್ತೆ, ಬೇರೆಯವರು ಬಳಸುವುದನ್ನು ನೀವು ತಡೆಯಲು ಆಗುವುದಿಲ್ಲವಲ್ಲ.

ದುಡ್ಡು, ಕೊನೆಯ ದಿನಾಂಕ, ಸಹಿ ಇವು ಇರುವ ಮೇಲ್‌ನಲ್ಲಿ ‘ರನ್’ ಬಂದು ಎರಡು ಅರ್ಥ ಹೊಳೆದರೆ ಒಂದು ಸಾಲಿನಲ್ಲಿ ಕೇಳಿಬಿಡಿ: ‘ಶುಡ್ ಐ ಶೋ ದಿ ಲಿಸ್ಟ್ ಟು ಲೀಗಲ್ ಫಸ್ಟ್?’ ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಮಾತೃಭಾಷೆಯವರೂ ಕೇಳುತ್ತಾರೆ. ‘ರನ್ ಇಟ್ ಅರ್ಥ ಆಗಲಿಲ್ಲ’ ಅನ್ನುವುದಕ್ಕಿಂತ ನಿಮಗೆ ಅರ್ಥವಾದದ್ದನ್ನು ಬೇರೆ ಪದದಲ್ಲಿ ತಿರುಗಿಸಿ ಕೇಳುವುದು ಮೇಲು. ತಪ್ಪಿದ್ದರೆ ಅವರೇ ತಿದ್ದುತ್ತಾರೆ.

ಇನ್ನು ಆ್ಯಪ್. 1960ರಲ್ಲಿ ಬಾರ್-ಹಿಲೆಲ್ ಅನ್ನುವ ವಿದ್ವಾಂಸ ‘ದಿ ಬಾಕ್ಸ್ ವಾಸ್ ಇನ್ ದಿ ಪೆನ್’ ಅನ್ನುವ ವಾಕ್ಯ ಮುಂದಿಟ್ಟು, ಇಲ್ಲಿ ‘ಪೆನ್’ ಅಂದರೆ ಬರೆಯುವ ಪೆನ್ನಲ್ಲ, ಮಕ್ಕಳನ್ನು ಆಡಲು ಬಿಡುವ ಕಟಕಟೆ ಅಂತ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು ಅಂತ ಕೇಳಿದ್ದ. ಪೆಟ್ಟಿಗೆ ಪೆನ್ನೊಳಗೆ ಹಿಡಿಸುವುದಿಲ್ಲ ಅನ್ನುವ ಲೋಕಜ್ಞಾನ ಅದಕ್ಕೆಲ್ಲಿಂದ ಬರಬೇಕು ಅಂತ ಅವನ ವಾದ. ಈಗಿನ ಆ್ಯಪ್‌ಗಳು ಅಕ್ಕಪಕ್ಕದ ಪದಗಳನ್ನು ನೋಡಿಯೇ ಊಹಿಸುತ್ತವೆ, ಅಂಥ ವಾಕ್ಯಗಳನ್ನು ಎಷ್ಟೋ ಸಲ ಸರಿಯಾಗಿಯೇ ಬಿಡಿಸುತ್ತವೆ. ಆದರೆ ಬರೀ ‘ರನ್’ ಅಂತ ಟೈಪ್ ಮಾಡಿದರೆ ‘ಓಡು’ ಅಂತಲೇ ಬರುತ್ತದೆ, ನೋಡಲು ಪಕ್ಕದಲ್ಲಿ ಏನೂ ಇಲ್ಲವಲ್ಲ. ಇಡೀ ವಾಕ್ಯ ಹಾಕಿ. ಸಾಧ್ಯವಾದರೆ ಹಿಂದಿನ ಮುಂದಿನ ವಾಕ್ಯವನ್ನೂ ಸೇರಿಸಿ. ಬಂದ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ನೋಡಿ. ಮೊದಲಿನ ಮಾತಿಗಿಂತ ಬೇರೆ ಏನೋ ಬಂದರೆ ಅಲ್ಲಿ ನಿಲ್ಲಿ. ಆಫೀಸಿನ ಗೋಪ್ಯ ಮೇಲ್ ಆದರೆ ಹೆಸರು, ಮೊತ್ತ, ಖಾತೆ ಸಂಖ್ಯೆ ತೆಗೆದು ವಾಕ್ಯ ಮಾತ್ರ ಹಾಕಿ.